ಎರಡು ವಿದ್ಯುತ್ ಕಾರುಗಳ ವಿವರಪಟ್ಟಿ: ಯಾವ ಅಂಕಿಯನ್ನು ಯಾವುದರೊಂದಿಗೆ ಹೋಲಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಮನೆಗೊಂದು ವಿದ್ಯುತ್ ಕಾರು ಕೊಳ್ಳುವ ಆಲೋಚನೆಯಲ್ಲಿದ್ದೇನೆ. ಹಲವು ಮಾದರಿಗಳನ್ನು ನೋಡಿ ಕೊನೆಗೆ ಎರಡಕ್ಕೆ ಬಂದು ನಿಂತಿದ್ದೇನೆ. ಎರಡರ ತಾಂತ್ರಿಕ ವಿವರಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದುಕೊಂಡಿದ್ದೇನೆ. ಆದರೆ ಬರೆದಷ್ಟೂ ಗೊಂದಲ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಮಾದರಿಗಳ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೆಸರು ಹೇಳಿದ ಕೂಡಲೇ ಮಾತು ಅಂಕಿಗಳನ್ನು ಬಿಟ್ಟು ಕಂಪನಿಗಳ ಮೇಲಿನ ಅಭಿಮಾನದ ಕಡೆಗೆ ಹೊರಳುವುದನ್ನು ಹಲವು ಸಲ ನೋಡಿದ್ದೇನೆ.

ಮೊದಲನೆಯದು ಎತ್ತರದ ಎಸ್‌ಯುವಿ. ಬ್ಯಾಟರಿ 64 ಕಿಲೋವ್ಯಾಟ್ ಅವರ್, ರೇಂಜ್ (ಒಮ್ಮೆ ಪೂರ್ತಿ ತುಂಬಿಸಿದರೆ ಓಡುವ ದೂರ) 510 ಕಿಲೋಮೀಟರ್, ವೇಗದ ಚಾರ್ಜಿಂಗ್ 150 ಕಿಲೋವ್ಯಾಟ್, ಮನೆಯ ಚಾರ್ಜಿಂಗ್ 11 ಕಿಲೋವ್ಯಾಟ್, ಚಕ್ರಗಳು 20 ಇಂಚು. ಎರಡನೆಯದು ಚಿಕ್ಕ ಹ್ಯಾಚ್‌ಬ್ಯಾಕ್. ಬ್ಯಾಟರಿ 52 ಕಿಲೋವ್ಯಾಟ್ ಅವರ್, ರೇಂಜ್ 390 ಕಿಲೋಮೀಟರ್, ವೇಗದ ಚಾರ್ಜಿಂಗ್ 100 ಕಿಲೋವ್ಯಾಟ್, ಮನೆಯ ಚಾರ್ಜಿಂಗ್ 7.4 ಕಿಲೋವ್ಯಾಟ್, ಚಕ್ರಗಳು 17 ಇಂಚು. ಮೊದಲನೆಯದರ ಬ್ಯಾಟರಿ ಎನ್‌ಎಂಸಿ ಎಂದೂ ಎರಡನೆಯದರದು ಎಲ್‌ಎಫ್‌ಪಿ ಎಂದೂ ಬರೆದಿದ್ದಾರೆ; ಇವು ಬ್ಯಾಟರಿಯ ಒಳಗಿನ ರಸಾಯನದ ಬಗೆಗಳಂತೆ.

ನಮ್ಮ ಓಡಾಟ ಹೀಗಿದೆ. ವಾರದ ದಿನಗಳಲ್ಲಿ ಹೋಗಿಬರಲು ಒಟ್ಟು 45 ಕಿಲೋಮೀಟರ್. ತಿಂಗಳಿಗೊಮ್ಮೆ ಹೆದ್ದಾರಿಯಲ್ಲಿ 260 ಕಿಲೋಮೀಟರ್ ದೂರದ ತಂದೆತಾಯಿಯವರ ಮನೆಗೆ ಹೋಗುತ್ತೇವೆ. ಹೋಗುವಾಗ ನಾಲ್ಕು ಜನ, ಜೊತೆಗೆ ಸಾಮಾನು. ಕಾರು ನಿಲ್ಲಿಸುವ ಜಾಗದಲ್ಲಿ 230 ವೋಲ್ಟಿನ ಸಿಂಗಲ್ ಫೇಸ್ ಸಂಪರ್ಕವಿದ್ದು, ಚಾರ್ಜರ್ ಹಾಕಿಸಲು ತೊಂದರೆಯಿಲ್ಲ.

ಪಟ್ಟಿಯ ಪ್ರತಿಯೊಂದು ಸಾಲಿನಲ್ಲೂ ಮೊದಲನೆಯ ಕಾರೇ ಮುಂದಿದೆ. ಹೀಗಿರುವಾಗ ಅದನ್ನೇ ಆರಿಸಿಕೊಳ್ಳಬೇಕೆಂದು ಬುದ್ಧಿ ಹೇಳುತ್ತದೆ. ಆದರೂ ಈ ಅಂಕಿಗಳ ಹಿಂದೆ ನನಗೆ ಕಾಣದಿರುವುದು ಏನೋ ಇದೆ ಎಂಬ ಅನುಮಾನ ಬಿಡುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಿಮ್ಮ ಅನುಮಾನ ಸರಿಯಾಗಿದೆ. ಮೊಟ್ಟಮೊದಲು, 510 ಮತ್ತು 390 ಎಂಬ ಅಂಕಿಗಳನ್ನು ಅಕ್ಕಪಕ್ಕ ಬರೆದಿರುವ ಸಾಲನ್ನು ಹೊಡೆದುಹಾಕಿ. ಆ ಎರಡೂ ಒಂದೇ ಅಳತೆಗೋಲಿನಿಂದ ಬಂದವು ಎಂಬುದು ಖಚಿತವಾಗುವವರೆಗೂ ಅವುಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ರೇಂಜ್ ಎನ್ನುವುದು ಕಾರಿನ ಉದ್ದ ಅಗಲಗಳಂತೆ ಟೇಪು ಹಿಡಿದು ಅಳೆಯಬಹುದಾದ ಗುಣವಲ್ಲ. ಒಂದು ನಿಗದಿತ ಪರೀಕ್ಷೆಯನ್ನು ನಡೆಸಿದಾಗ ಸಿಗುವ ಫಲಿತಾಂಶ. ಪರೀಕ್ಷೆ ಬದಲಾದರೆ ಅದೇ ಕಾರಿನ ಅಂಕಿಯೂ ಬದಲಾಗುತ್ತದೆ. ಹಳೆಯ ಯುರೋಪಿಯನ್ ಪರೀಕ್ಷೆಯಾದ ಎನ್‌ಇಡಿಸಿಯಲ್ಲಿ ಕಾರು ಸುಮಾರು 20 ನಿಮಿಷಗಳಲ್ಲಿ 11 ಕಿಲೋಮೀಟರ್ ಓಡುತ್ತದೆ. ಸರಾಸರಿ ವೇಗ ಗಂಟೆಗೆ 34 ಕಿಲೋಮೀಟರ್ ಕೂಡ ಮುಟ್ಟುವುದಿಲ್ಲ. ಅದರ ಬದಲಿಗೆ 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿಯಲ್ಲಿ 30 ನಿಮಿಷಗಳಲ್ಲಿ ಸುಮಾರು 23 ಕಿಲೋಮೀಟರ್ ಓಟ, ಸರಾಸರಿ 46.5, ಗರಿಷ್ಠ ವೇಗ 131. ಚೀನಾದ ಸಿಎಲ್‌ಟಿಸಿ ಪರೀಕ್ಷೆಯೂ 30 ನಿಮಿಷಗಳದೇ ಆದರೂ ಅಷ್ಟರಲ್ಲಿ ಕಾರು ಓಡುವುದು ಹದಿನಾಲ್ಕೂವರೆ ಕಿಲೋಮೀಟರ್ ಮಾತ್ರ. ಸರಾಸರಿ ವೇಗ ಗಂಟೆಗೆ 29. ವಿದ್ಯುತ್ ಕಾರಿಗೆ ನಿಧಾನದ ಓಟವೇ ಹಿತ. ನಿಂತು ಹೊರಡುವ ರಸ್ತೆಯಲ್ಲಿ ಬ್ರೇಕಿನ ಶಕ್ತಿ ಬ್ಯಾಟರಿಗೆ ಮರಳುತ್ತದೆ, ಗಾಳಿಯ ಎದುರೊತ್ತು ಕಡಿಮೆಯಿರುತ್ತದೆ. ಆದ್ದರಿಂದ ಸರಾಸರಿ ವೇಗ ಕಡಿಮೆಯಿರುವ ಪರೀಕ್ಷೆಯಲ್ಲಿ ರೇಂಜ್ ಉಬ್ಬಿ ಕಾಣುತ್ತದೆ. ಅಮೆರಿಕದ ಇಪಿಎ ವಿಧಾನದಲ್ಲಿ ಬಂದ ಫಲಿತಾಂಶವನ್ನು ವಾಸ್ತವಕ್ಕೆ ಹತ್ತಿರ ತರಲೆಂದು ಸಾಮಾನ್ಯವಾಗಿ 0.7ರಿಂದ ಗುಣಿಸುತ್ತಾರೆ, ಹೀಗಾಗಿ ಒಂದೇ ಕಾರಿಗೆ ಅಲ್ಲಿ ಸಿಗುವ ಅಂಕಿ ಬಹುಮಟ್ಟಿಗೆ ಎಲ್ಲಕ್ಕಿಂತ ಚಿಕ್ಕದಾಗಿರುತ್ತದೆ.

ನಿಮ್ಮ ಮೊದಲನೆಯ ಕಾರಿನ 510ರ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಚಿಹ್ನೆಯಿದ್ದು, ಪುಟದ ಅಡಿಯಲ್ಲಿ ಪರೀಕ್ಷೆಯ ಹೆಸರು ಇರಬಹುದು, ದಯವಿಟ್ಟು ನೋಡಿ. ಅದೇ ಕಾರನ್ನು ಬೇರೆ ಬೇರೆ ದೇಶಗಳಲ್ಲಿ ಮಾರುತ್ತಿದ್ದರೆ ಕಂಪನಿಯ ಮತ್ತೊಂದು ದೇಶದ ಪುಟದಲ್ಲಿ ಡಬ್ಲ್ಯುಎಲ್‌ಟಿಪಿ ಅಂಕಿ ಸಿಗುತ್ತದೆ. ಆದರೆ ಬ್ಯಾಟರಿಯೂ ಚಕ್ರದ ಅಳತೆಯೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಏಕೆಂದರೆ ಚಕ್ರ ದೊಡ್ಡದಾದರೂ ಅಗಲವಾದರೂ ರೇಂಜ್ ತಗ್ಗುತ್ತದೆ ಮತ್ತು ಜಾಹೀರಾತಿನಲ್ಲಿ ಬರುವುದು ಸಾಮಾನ್ಯವಾಗಿ ಚಿಕ್ಕ ಚಕ್ರದ ಅಂಕಿ.

ಬ್ಯಾಟರಿಯ ಸಾಲಿನಲ್ಲೂ ಇಂಥದ್ದೇ ತೊಡಕಿದೆ. ಕಿಲೋವ್ಯಾಟ್ ಅವರ್ ಎಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್. ಇನ್ನು ಮುಂದೆ ಯೂನಿಟ್ ಎಂದೇ ಬರೆಯುತ್ತೇನೆ. ಬ್ಯಾಟರಿಗೆ ಒಟ್ಟು ಸಾಮರ್ಥ್ಯ ಬೇರೆ, ಬಳಕೆಗೆ ಸಿಗುವ ಸಾಮರ್ಥ್ಯ ಬೇರೆ. ಬ್ಯಾಟರಿ ಬೇಗ ಸವೆಯಬಾರದೆಂದು ಮೇಲೆ ಕೆಳಗೆ ಒಂದಿಷ್ಟನ್ನು ಕಂಪನಿಯವರು ಮುಟ್ಟದಂತೆ ಕಾದಿರಿಸುತ್ತಾರೆ. ಉದಾಹರಣೆಗೆ ಫೋಕ್ಸ್‌ವ್ಯಾಗನ್ ಐಡಿ.3ರ ಒಂದು ಆವೃತ್ತಿಯಲ್ಲಿ ಒಟ್ಟು 62 ಯೂನಿಟ್ ಇದ್ದು ಬಳಕೆಗೆ ಸಿಗುವುದು 58. ಒಬ್ಬರು ಒಟ್ಟನ್ನು, ಇನ್ನೊಬ್ಬರು ಬಳಕೆಯದನ್ನು ಮುದ್ರಿಸಿದರೆ ಹೋಲಿಕೆ ದಾರಿ ತಪ್ಪುತ್ತದೆ. ನಿಮ್ಮ 64 ಯಾವುದು, 52 ಯಾವುದು ಎಂದು ಶೋರೂಮಿನವರಿಂದ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಉತ್ತರ 2

ಮೇಲಿನವರ ಮಾತಿಗೆ ಚಾರ್ಜಿಂಗ್ ವಿಚಾರವನ್ನು ಸೇರಿಸುತ್ತೇನೆ. ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ಮೋಸಹೋಗುವುದು ಈ ಸಾಲಿನಲ್ಲಿ, ಅದೂ ಅಂಕಿ ಸುಳ್ಳಾಗಿರುವುದರಿಂದಲ್ಲ, ಅದು ಏನನ್ನು ಹೇಳುತ್ತದೆ ಎಂದು ತಿಳಿಯದಿರುವುದರಿಂದ.

150 ಕಿಲೋವ್ಯಾಟ್ ಎಂಬುದು ಗರಿಷ್ಠ ವೇಗ. ಕಾರು ಆ ವೇಗವನ್ನು ಎಷ್ಟು ಹೊತ್ತು ಹಿಡಿದುಕೊಳ್ಳುತ್ತದೆ ಎಂಬುದನ್ನು ವಿವರಪಟ್ಟಿ ಹೇಳುವುದಿಲ್ಲ. ಕೊಡ ತುಂಬುತ್ತ ಬಂದಾಗ ನಲ್ಲಿಯನ್ನು ಸಣ್ಣಗೆ ಮಾಡುವ ಹಾಗೆ, ಬ್ಯಾಟರಿ ತುಂಬುತ್ತ ಬಂದಂತೆ ಕಾರು ತಾನೇ ಕರೆಂಟನ್ನು ಇಳಿಸುತ್ತ ಹೋಗುತ್ತದೆ. ಹಾಗೆ ಮಾಡದಿದ್ದರೆ ಲಿಥಿಯಂ ಸೇರಬೇಕಾದ ಕಡೆ ಸೇರದೆ ಲೋಹವಾಗಿ ಪದರಗಟ್ಟಿ ಸೆಲ್ಲುಗಳನ್ನು ಕೆಡಿಸುತ್ತದೆ. ಕೆಲವು ಕಾರುಗಳು ಗರಿಷ್ಠ ವೇಗವನ್ನು ಐದು ನಿಮಿಷ ತೋರಿಸಿ ಇಳಿದುಬಿಡುತ್ತವೆ, ಇನ್ನು ಕೆಲವು ಸಾಧಾರಣ ವೇಗವನ್ನೇ ಅರ್ಧಕ್ಕಿಂತ ಹೆಚ್ಚು ತುಂಬುವವರೆಗೂ ಬಿಡದೆ ಹಿಡಿದುಕೊಳ್ಳುತ್ತವೆ.

ಆದ್ದರಿಂದ ನೀವು ಹುಡುಕಬೇಕಾದದ್ದು 10ರಿಂದ 80 ಪ್ರತಿಶತಕ್ಕೆ ಹಿಡಿಯುವ ಸಮಯವನ್ನು. ಬಳಕೆಗೆ ಸಿಗುವ ಯೂನಿಟ್‌ಗಳ ಶೇಕಡ 70ನ್ನು ಆ ಸಮಯದಿಂದ ಭಾಗಿಸಿದರೆ ಸರಾಸರಿ ವೇಗ ಕೈಗೆ ಸಿಗುತ್ತದೆ. ಸಮಯವನ್ನು 10ರಿಂದಲೇ ಎಣಿಸಿದ್ದಾರೆಯೇ ಅಥವಾ 20ರಿಂದಲೋ 30ರಿಂದಲೋ ಎಂಬುದನ್ನೂ ನೋಡಿಕೊಳ್ಳಿ.

ಚಾರ್ಜರ್ ಮೇಲೆ 350 ಎಂದು ಬರೆದಿದ್ದ ಮಾತ್ರಕ್ಕೆ ಎಲ್ಲ ಕಾರಿಗೂ ಅಷ್ಟು ಸಿಗುವುದಿಲ್ಲ. ಇಂದಿನ ಸಾಮಾನ್ಯ ವೇಗದ ಚಾರ್ಜರುಗಳ ಕೇಬಲ್ ಹೆಚ್ಚೆಂದರೆ 500 ಆಂಪಿಯರಿನಷ್ಟು ಕರೆಂಟನ್ನು ಹೊರುತ್ತದೆ; 400 ವೋಲ್ಟಿನ ಬ್ಯಾಟರಿಗೆ ಗುಣಿಸಿದರೆ 200 ಕಿಲೋವ್ಯಾಟ್ ಆಯಿತು, ಅಷ್ಟೇ. ಹ್ಯುಂಡೈ ಐಯೋನಿಕ್ 5, ಕಿಯಾ ಇವಿ6ರಂಥ ಕಾರುಗಳು 800 ವೋಲ್ಟಿನ ವ್ಯವಸ್ಥೆಯಿಂದಾಗಿಯೇ ಸುಮಾರು 18 ನಿಮಿಷಗಳಲ್ಲಿ 10ರಿಂದ 80ಕ್ಕೆ ಏರುತ್ತವೆ. ನೀವು ಹೇಳಿದ ಎರಡೂ ಕಾರುಗಳ ಅಂಕಿ ನೋಡಿದರೆ 400 ವೋಲ್ಟಿನವೆಂದೇ ತೋರುತ್ತದೆ. ನಿಮ್ಮ ದಾರಿಯಲ್ಲಿ 350ರ ಚಾರ್ಜರ್ ಸಿಕ್ಕರೂ ಹೆಚ್ಚಿನ ಲಾಭವಿಲ್ಲ.

ಮನೆಯ ಚಾರ್ಜಿಂಗ್ ಬಗ್ಗೆ ಒಂದು ಎಚ್ಚರಿಕೆ. 11 ಕಿಲೋವ್ಯಾಟ್ ಎಂಬುದು ಮೂರು ಫೇಸುಗಳಲ್ಲಿ ತಲಾ 16 ಆಂಪಿಯರ್ ಎಳೆದಾಗ ಬರುವ ಲೆಕ್ಕ. ನಿಮ್ಮಲ್ಲಿರುವುದು ಸಿಂಗಲ್ ಫೇಸ್. ಕೆಲವು ಕಾರುಗಳು ಒಂದೇ ಫೇಸಿನಿಂದ 32 ಆಂಪಿಯರ್ ಎಳೆದು 7.4 ಕಿಲೋವ್ಯಾಟ್ ಪಡೆಯುತ್ತವೆ, ಇನ್ನು ಕೆಲವು 16 ಆಂಪಿಯರಿಗೇ ನಿಂತು 3.7ಕ್ಕೆ ಇಳಿಯುತ್ತವೆ. ಅಂದರೆ ಪಟ್ಟಿಯಲ್ಲಿ 11 ಎಂದಿರುವ ಕಾರು ನಿಮ್ಮ ಮನೆಯಲ್ಲಿ 7.4ರ ಕಾರಿಗಿಂತ ನಿಧಾನವಾಗಬಹುದು. ಹಾಗೆಂದು ಈ ಸಾಲಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ದಿನಕ್ಕೆ 45 ಕಿಲೋಮೀಟರಿಗೆ ಎಂಟು ಹತ್ತು ಯೂನಿಟ್ ಸಾಕು, 3.7ರಲ್ಲೂ ಮೂರು ಗಂಟೆಯೊಳಗೆ ಮುಗಿಯುತ್ತದೆ, ಕಾರು ರಾತ್ರಿಯಿಡೀ ನಿಂತೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಅಂಕಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ: ನೀವು ಹೆದ್ದಾರಿಯಲ್ಲಿ ಓಡಿಸುವ ವೇಗದಲ್ಲಿ 100 ಕಿಲೋಮೀಟರಿಗೆ ಎಷ್ಟು ಯೂನಿಟ್ ಖರ್ಚಾಗುತ್ತದೆ ಎಂಬುದು. ಇದನ್ನು ನೀವೇ ಅಳೆಯಬೇಕು. ಎರಡೂ ಕಾರುಗಳನ್ನು ಒಂದೇ ದಿನ, ಸಾಧ್ಯವಾದರೆ ಒಂದರ ಬೆನ್ನಿಗೆ ಇನ್ನೊಂದನ್ನು, ಟೆಸ್ಟ್ ಡ್ರೈವ್‌ಗೆ ಕೇಳಿ. ಮೊದಲ ಹತ್ತು ನಿಮಿಷ ಸುಮ್ಮನೆ ಓಡಿಸಿ ಬ್ಯಾಟರಿಯೂ ಟಯರುಗಳೂ ಹದಕ್ಕೆ ಬಂದ ಮೇಲೆ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಒಂದೇ ರಸ್ತೆಯಲ್ಲಿ ಹೋಗಿ ಅದೇ ರಸ್ತೆಯಲ್ಲಿ ಮರಳಿ ಬನ್ನಿ. ಇಲ್ಲದಿದ್ದರೆ ಏರು ಇಳಿತ, ಎದುರುಗಾಳಿ ಹಿಂಗಾಳಿಗಳು ಲೆಕ್ಕವನ್ನು ಕೆಡಿಸುತ್ತವೆ. ಎಸಿಯನ್ನು ಎರಡರಲ್ಲೂ ಒಂದೇ ಮಟ್ಟದಲ್ಲಿಡಿ, ಟಯರಿನ ಗಾಳಿಯನ್ನು ಪರೀಕ್ಷಿಸಿ, ಕ್ರೂಸ್ ಕಂಟ್ರೋಲನ್ನು ಒಂದೇ ವೇಗಕ್ಕೆ ಹೊಂದಿಸಿ. ಬಂದ ಅಂಕಿಗಳನ್ನು ಇಲ್ಲಿ ಬರೆಯಿರಿ, ಒಟ್ಟಿಗೆ ಲೆಕ್ಕ ಹಾಕೋಣ.

ಉತ್ತರ 3

ಅಂಕಿಗಳ ವಿಷಯವನ್ನು ಮೇಲಿನ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ನಾಲ್ಕು ವರ್ಷಗಳಿಂದ ವಿದ್ಯುತ್ ಕಾರು ಓಡಿಸುತ್ತಿದ್ದೇನೆ. ಕೊಳ್ಳುವ ಮೊದಲು ನಾನು ನೋಡದೆ ಬಿಟ್ಟು, ಆಮೇಲೆ ಪ್ರತಿ ತಿಂಗಳೂ ನೆನಪಿಗೆ ಬರುವ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಚಾರ್ಜಿಂಗ್ ಪೋರ್ಟ್ ಇರುವ ಜಾಗ. ನನ್ನ ಕಾರಿನಲ್ಲಿ ಅದು ಹಿಂಬದಿಯ ಬಲಗಡೆ ಇದೆ. ಒಂದು ರಾತ್ರಿ ಮಳೆಯಲ್ಲಿ, ಬ್ಯಾಟರಿ 8 ಪ್ರತಿಶತಕ್ಕೆ ಇಳಿದಿದ್ದಾಗ, ದಾರಿಯಲ್ಲಿದ್ದ ಒಂದೇ ಚಾರ್ಜರಿನ ಬಳಿಗೆ ಬಂದೆ. ಕಂಬದ ಎಡಕ್ಕೆ ಗೋಡೆ, ಬಲಕ್ಕೆ ಇನ್ನೊಂದು ಕಾರು. ಮುಂಭಾಗವನ್ನು ಒಳಗೆ ತೂರಿಸಿ ನಿಲ್ಲಿಸಿದರೆ ಕೇಬಲ್ ಒಂದು ಮೊಳದಷ್ಟು ಕಡಿಮೆ ಬಿತ್ತು. ವೇಗದ ಚಾರ್ಜರಿನ ಕೇಬಲ್ ಹೆಬ್ಬೆರಳಿಗಿಂತ ಬಹಳ ದಪ್ಪ, ಭಾರ. ಒಳಗೆ ತಂಪುದ್ರವ ಹರಿಯುವಂಥದ್ದಾದರೆ ಇನ್ನೂ ಬಿರುಸು, ಎಳೆದರೆ ಬಗ್ಗುವುದಿಲ್ಲ. ಕೊನೆಗೆ ಕಾರನ್ನು ಹೊರಗೆ ತೆಗೆದು, ಹಿಂದುಮುಂದಾಗಿ ತಿರುಗಿಸಿ, ಪಕ್ಕದ ಕಾರಿಗೆ ತಾಗದಂತೆ ಅಂಗುಲ ಅಂಗುಲವಾಗಿ ರಿವರ್ಸ್ ತರಬೇಕಾಯಿತು. ನೀವು ತಿಂಗಳಿಗೊಮ್ಮೆ ಹೋಗುವ ದಾರಿಯ ಚಾರ್ಜರುಗಳನ್ನು ಒಮ್ಮೆ ಕಣ್ಣಾರೆ ನೋಡಿ, ಯಾವ ಕಾರಿನ ಪೋರ್ಟ್ ಅಲ್ಲಿಗೆ ಸುಲಭವಾಗಿ ಸಿಗುತ್ತದೆ ಎಂದು ಯೋಚಿಸಿ. ಕನೆಕ್ಟರ್ ಯಾವುದು ಎಂಬುದನ್ನೂ ಆಗಲೇ ನೋಡಿಕೊಳ್ಳಿ; ಸಿಸಿಎಸ್, ಚಾಡೆಮೊ, ಜಿಬಿಟಿ ಎಲ್ಲವೂ ಬೇರೆ ಬೇರೆ ಆಕಾರದವು.

ಎರಡನೆಯದು ಹಿಂದಿನ ಸೀಟು. ಬ್ಯಾಟರಿ ನೆಲದ ಕೆಳಗೆ ಹರಡಿಕೊಂಡಿರುವುದರಿಂದ ಕಾರಿನ ನೆಲ ಎತ್ತರವಾಗುತ್ತದೆ, ಆದರೆ ಸೀಟು ಅದೇ ಪ್ರಮಾಣದಲ್ಲಿ ಎತ್ತರವಾಗುವುದಿಲ್ಲ. ಕುಳಿತವರ ಮೊಣಕಾಲು ಮೇಲೆದ್ದು ತೊಡೆ ಸೀಟಿಗೆ ತಾಗದೆ ಗಾಳಿಯಲ್ಲಿ ಉಳಿಯುತ್ತದೆ. ಹತ್ತು ನಿಮಿಷದಲ್ಲಿ ಇದು ಗೊತ್ತಾಗುವುದಿಲ್ಲ, ಮೂರು ಗಂಟೆಯ ಪ್ರಯಾಣದಲ್ಲಿ ಸೊಂಟ ಹೇಳುತ್ತದೆ. ನನ್ನ ತಾಯಿ ಹಿಂದೆ ಕುಳಿತಾಗಲೆಲ್ಲ ಮಡಿಸಿದ ಹೊದಿಕೆಯೊಂದನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾರೆ. ಮನೆಯವರೆಲ್ಲರನ್ನೂ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಕನಿಷ್ಠ ಅರ್ಧ ಗಂಟೆ ಕೂರಿಸಿ.

ಡಿಕ್ಕಿಯ ಲೀಟರ್ ಲೆಕ್ಕವನ್ನೂ ನಂಬಿ ಕೂರಬೇಡಿ. ಕೆಲವರು ಕಿಟಕಿಯ ಅಂಚಿನವರೆಗೆ ಅಳೆಯುತ್ತಾರೆ, ಕೆಲವರು ಛಾವಣಿಯವರೆಗೆ, ಕೆಲವರು ನೆಲದ ಕೆಳಗಿನ ಕೇಬಲ್ ಇಡುವ ಗುಂಡಿಯನ್ನೂ ಸೇರಿಸುತ್ತಾರೆ. ನೀವು ಪ್ರತಿ ಸಲ ಒಯ್ಯುವ ಸೂಟ್‌ಕೇಸುಗಳನ್ನೇ ತೆಗೆದುಕೊಂಡು ಹೋಗಿ ಇಟ್ಟು ನೋಡಿ. ಸ್ಟೆಪ್ನಿ ಇದೆಯೇ ಅಥವಾ ಪಂಕ್ಚರ್ ಕಿಟ್ ಮಾತ್ರವೇ ಎಂಬುದನ್ನೂ ಅದೇ ಹೊತ್ತಿಗೆ ಕೇಳಿ.

ಇನ್ನೊಂದು ಮಾತು. ಇಷ್ಟು ದೊಡ್ಡ ಬ್ಯಾಟರಿ ಇದ್ದರೂ ಕಾರಿನ ಬಾಗಿಲು, ಪರದೆ, ಕಂಪ್ಯೂಟರುಗಳನ್ನು ಎಬ್ಬಿಸುವುದು ಹಳೆಯ ಕಾರುಗಳಲ್ಲಿದ್ದಂಥ 12 ವೋಲ್ಟಿನ ಚಿಕ್ಕ ಬ್ಯಾಟರಿಯೇ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಅಲ್ಲಾಡುವುದಿಲ್ಲ. ನನಗೆ ಮೂರನೆಯ ವರ್ಷ ಹಾಗಾಯಿತು. ಆ ಬ್ಯಾಟರಿ ಎಲ್ಲಿದೆ, ಅದಕ್ಕೆ ವಾರಂಟಿ ಎಷ್ಟು ಎಂದು ಕೇಳಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕಳೆದ ವಾರವಿಡೀ ಇದೇ ಕೆಲಸವಾಯಿತು. ತಿಳಿದುಬಂದದ್ದನ್ನು ಬರೆಯುತ್ತೇನೆ.

510ರ ಪಕ್ಕದಲ್ಲಿ ನಕ್ಷತ್ರವಿತ್ತು. ಅದು ಸಿಎಲ್‌ಟಿಸಿ ಅಂಕಿ. ಅದೇ ಬ್ಯಾಟರಿ, ಅದೇ 20 ಇಂಚಿನ ಚಕ್ರಗಳಿರುವ ಆವೃತ್ತಿಗೆ ಇನ್ನೊಂದು ದೇಶದ ಪುಟದಲ್ಲಿ ಡಬ್ಲ್ಯುಎಲ್‌ಟಿಪಿ ರೇಂಜ್ 415 ಎಂದಿದೆ. ಎರಡನೆಯ ಕಾರಿನ 390 ಮೊದಲಿನಿಂದಲೂ ಡಬ್ಲ್ಯುಎಲ್‌ಟಿಪಿಯದೇ. ಒಂದೇ ಅಳತೆಗೋಲಿಗೆ ತಂದಾಗ 120 ಕಿಲೋಮೀಟರಿನ ವ್ಯತ್ಯಾಸ 25ಕ್ಕೆ ಇಳಿಯಿತು. 64 ಯೂನಿಟ್ ಎಂಬುದು ಒಟ್ಟು ಸಾಮರ್ಥ್ಯವಂತೆ, ಬಳಕೆಗೆ ಸಿಗುವುದು 60. ಎರಡನೆಯದರ 52 ಬಳಕೆಯ ಸಾಮರ್ಥ್ಯವೇ. 10ರಿಂದ 80ಕ್ಕೆ ಮೊದಲನೆಯದು 36 ನಿಮಿಷ, ಎರಡನೆಯದು 30 ನಿಮಿಷ ತೆಗೆದುಕೊಳ್ಳುತ್ತವೆ.

ಶನಿವಾರ ಬೆಳಗ್ಗೆ ಎರಡನ್ನೂ ಒಂದೇ ಹೆದ್ದಾರಿಯಲ್ಲಿ, ಗಂಟೆಗೆ 110ರ ವೇಗದಲ್ಲಿ, ಹೋಗಿಬರುವುದು ಸೇರಿ ತಲಾ 40 ಕಿಲೋಮೀಟರ್ ಓಡಿಸಿದೆ. 100 ಕಿಲೋಮೀಟರಿಗೆ ಮೊದಲನೆಯದು 21.6 ಯೂನಿಟ್, ಎರಡನೆಯದು 18.7 ಯೂನಿಟ್ ತೋರಿಸಿದವು.

ಒಂದು ಸಂದೇಹ. ಎರಡನೆಯ ಕಾರಿನ ಅಧಿಕೃತ ಬಳಕೆ 100 ಕಿಲೋಮೀಟರಿಗೆ 15 ಯೂನಿಟ್ ಎಂದಿದೆ. ಆದರೆ 52ನ್ನು 390ರಿಂದ ಭಾಗಿಸಿದರೆ 13.3 ಬರುತ್ತದೆ. ಒಂದೇ ಪರೀಕ್ಷೆಯ ಎರಡು ಅಂಕಿಗಳು ಹೇಗೆ ಬೇರೆಯಾದವು?

ಉತ್ತರ 2, ಮುಂದುವರಿಕೆ

ಬಹಳ ಅಚ್ಚುಕಟ್ಟಾಗಿ ಅಳೆದಿದ್ದೀರಿ. ಮೊದಲು ಸಂದೇಹಕ್ಕೆ ಉತ್ತರಿಸುತ್ತೇನೆ. ಡಬ್ಲ್ಯುಎಲ್‌ಟಿಪಿಯಲ್ಲಿ ಬಳಕೆಯನ್ನು ಗೋಡೆಯ ಪ್ಲಗ್ಗಿನಿಂದ ಲೆಕ್ಕ ಹಿಡಿಯುತ್ತಾರೆ. ಚಾರ್ಜ್ ಮಾಡುವಾಗ ಒಂದು ಪಾಲು ಶಾಖವಾಗಿ ಹೋಗುತ್ತದೆ. ಪ್ಲಗ್ಗಿನಿಂದ 15 ಯೂನಿಟ್ ಎಳೆದರೆ ಬ್ಯಾಟರಿಗೆ ಸೇರುವುದು 13ರ ಆಸುಪಾಸು. ಕರೆಂಟ್ ಬಿಲ್ಲಿನ ಲೆಕ್ಕಕ್ಕೆ 15ನ್ನು ಹಿಡಿಯಿರಿ, ದೂರದ ಲೆಕ್ಕಕ್ಕೆ 13.3ನ್ನು. ಕಾರಿನ ಪರದೆ ತೋರಿಸುವುದು ಬ್ಯಾಟರಿಯಿಂದ ಹೊರಟದ್ದನ್ನು ಮಾತ್ರ, ಆದ್ದರಿಂದ ನಿಮ್ಮ 21.6 ಮತ್ತು 18.7 ದೂರದ ಲೆಕ್ಕಕ್ಕೆ ನೇರವಾಗಿ ಸಲ್ಲುತ್ತವೆ.

ಈಗ ನಿಮ್ಮ ತಿಂಗಳ ಪ್ರಯಾಣಕ್ಕೆ ಬರೋಣ. ಪೂರ್ತಿ ತುಂಬಿಸಿ ಹೊರಟು, 10 ಪ್ರತಿಶತ ಉಳಿಯುವವರೆಗೆ ಓಡಿಸುತ್ತೀರಿ ಎಂದಿಟ್ಟುಕೊಳ್ಳೋಣ. ಮೊದಲನೆಯ ಕಾರಿನಲ್ಲಿ 60 ಯೂನಿಟಿನ ಶೇಕಡ 90 ಎಂದರೆ 54 ಯೂನಿಟ್. 100 ಕಿಲೋಮೀಟರಿಗೆ 21.6ರಂತೆ 250 ಕಿಲೋಮೀಟರ್ ಆಯಿತು. ಎರಡನೆಯದರಲ್ಲಿ 46.8 ಯೂನಿಟ್, 18.7ರಂತೆ ಅದೂ 250 ಕಿಲೋಮೀಟರ್. ಜಾಹೀರಾತಿನಲ್ಲಿ 120 ಕಿಲೋಮೀಟರ್ ಇದ್ದ ಅಂತರ ನಿಮ್ಮ ರಸ್ತೆಯಲ್ಲಿ, ನಿಮ್ಮ ವೇಗದಲ್ಲಿ ಉಳಿಯಲೇ ಇಲ್ಲ. ಹಾಗೆಯೇ 260 ಕಿಲೋಮೀಟರಿಗೆ ಎರಡರಲ್ಲೂ ನಿಶ್ಚಿಂತೆಯಾಗಿ ತಲುಪಬೇಕಾದರೆ ಮಧ್ಯೆ ಒಂದು ಸಲ ನಿಲ್ಲಿಸಲೇಬೇಕು.

ನಿಂತಾಗ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ. ಮೊದಲನೆಯದು 36 ನಿಮಿಷಗಳಲ್ಲಿ 42 ಯೂನಿಟ್ ತುಂಬಿಕೊಳ್ಳುತ್ತದೆ, ಸರಾಸರಿ 70 ಕಿಲೋವ್ಯಾಟ್. ಎರಡನೆಯದು 30 ನಿಮಿಷಗಳಲ್ಲಿ 36.4 ಯೂನಿಟ್, ಸರಾಸರಿ ಸುಮಾರು 73. ಪಟ್ಟಿಯಲ್ಲಿ 150 ಮತ್ತು 100 ಎಂದಿದ್ದವು, ಸರಾಸರಿಯಲ್ಲಿ ಎರಡೂ ಒಂದೇ ಸಮ. ಅದರ ಮೇಲೆ ಎರಡನೆಯದು ಕಡಿಮೆ ಖರ್ಚು ಮಾಡುವುದರಿಂದ ಪ್ರತಿ ನಿಮಿಷದ ಚಾರ್ಜಿಗೆ ಆರೂವರೆ ಕಿಲೋಮೀಟರ್ ದೂರ ಗಳಿಸುತ್ತದೆ. ಮೊದಲನೆಯದು ಐದೂಕಾಲು, ಐದೂವರೆಯಷ್ಟು. ಹದಿನೈದು ನಿಮಿಷ ನಿಂತರೆ ಒಂದಕ್ಕೆ ಸುಮಾರು 80, ಇನ್ನೊಂದಕ್ಕೆ 97 ಕಿಲೋಮೀಟರ್.

ಕಾರಣ ಗೂಢವಲ್ಲ. ಹೆದ್ದಾರಿಯ ವೇಗದಲ್ಲಿ ಹೆಚ್ಚಿನ ಶಕ್ತಿ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ, ಮತ್ತು ಗಾಳಿಯ ಒತ್ತು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎತ್ತರದ ಕಾರು ಹೆಚ್ಚು ಗಾಳಿಯನ್ನು ತಳ್ಳಬೇಕು. ವಿವರಪಟ್ಟಿಯಲ್ಲಿ ಕೊಡುವ ಡ್ರ್ಯಾಗ್ ಅಂಕವನ್ನು (ಕಾರಿನ ಆಕಾರ ಗಾಳಿಯನ್ನು ಎಷ್ಟು ಸಲೀಸಾಗಿ ಸೀಳುತ್ತದೆ ಎಂಬ ಅಂಕಿ) ಮಾತ್ರ ನೋಡಿದರೆ ಇದು ಕಾಣುವುದಿಲ್ಲ, ಆ ಅಂಕವನ್ನು ಕಾರಿನ ಮುಂಭಾಗದ ವಿಸ್ತೀರ್ಣದಿಂದ ಗುಣಿಸಬೇಕು. ಇನ್ನೊಂದು ಉಪಯೋಗದ ಮಾತು: 110ರ ಬದಲು 100ರಲ್ಲಿ ಹೋದರೆ ಗಾಳಿಯ ಒತ್ತು ಶೇಕಡ 17ರಷ್ಟು ಇಳಿಯುತ್ತದೆ, ಯಾವ ಕಾರು ಕೊಂಡರೂ ನಿಲ್ಲದೆ ತಲುಪುವ ಸಾಧ್ಯತೆ ಹುಟ್ಟುತ್ತದೆ. ನಾಲ್ಕು ಜನರೊಂದಿಗೆ ಹೋಗುವಾಗ ನಡುವೆ ಹದಿನೈದು ನಿಮಿಷ ನಿಲ್ಲುವುದೇ ಹಿತವೆಂದು ನನಗನ್ನಿಸುತ್ತದೆ.

ಉತ್ತರ 4

ಇಷ್ಟು ಹೊತ್ತಿಗೆ ನಿರ್ಧಾರ ಎರಡನೆಯ ಕಾರಿನತ್ತ ವಾಲುತ್ತಿರುವಂತೆ ಕಾಣುತ್ತಿದೆ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಬ್ಯಾಟರಿಯ ರಸಾಯನವನ್ನು ಯಾರೂ ಮುಟ್ಟಲಿಲ್ಲ, ಮತ್ತು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ಸಣ್ಣ ವಿಷಯವಲ್ಲ.

ಎಲ್‌ಎಫ್‌ಪಿ ಎಂದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್. 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಜಾನ್ ಗುಡ್‌ಇನಫ್ ಅವರ ತಂಡ 1997ರಲ್ಲಿ ಇದರ ಬಗ್ಗೆ ಪ್ರಕಟಿಸಿತು. ಎನ್‌ಎಂಸಿ ಎಂದರೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಬಗೆ; ಎಲ್‌ಎಫ್‌ಪಿಯಲ್ಲಿ ನಿಕ್ಕಲ್ಲೂ ಕೋಬಾಲ್ಟೂ ಇಲ್ಲ. ಒಂದೇ ತೂಕದಲ್ಲಿ ಎನ್‌ಎಂಸಿಗಿಂತ ಕಡಿಮೆ ಶಕ್ತಿ ಹಿಡಿಯುತ್ತದೆ, ಆದರೆ ಹೆಚ್ಚು ಸಲ ತುಂಬಿ ಬರಿದಾಗುವುದನ್ನು ತಾಳಿಕೊಳ್ಳುತ್ತದೆ ಮತ್ತು ಅತಿಯಾಗಿ ಕಾದಾಗಲೂ ಸುಲಭಕ್ಕೆ ಹೊತ್ತಿಕೊಳ್ಳುವ ಸ್ವಭಾವದ್ದಲ್ಲ. ಎನ್‌ಎಂಸಿ ಬ್ಯಾಟರಿಯನ್ನು ದಿನನಿತ್ಯ 80 ಪ್ರತಿಶತಕ್ಕೇ ನಿಲ್ಲಿಸಿ ಎಂದು ಬಹುಪಾಲು ಕಂಪನಿಗಳು ಹೇಳುತ್ತವೆ. ಎಲ್‌ಎಫ್‌ಪಿಯನ್ನು ಆಗಾಗ 100ಕ್ಕೆ ತುಂಬಿಸಿ ಎಂದೇ ಹೇಳುತ್ತವೆ, ಏಕೆಂದರೆ ಅದರ ವೋಲ್ಟೇಜ್ ಬಹುದೂರ ಸಮತಟ್ಟಾಗಿರುವುದರಿಂದ, ಪೂರ್ತಿ ತುಂಬದೆ ಎಷ್ಟು ಉಳಿದಿದೆ ಎಂಬ ಅಂದಾಜು ಕಾರಿಗೆ ತಪ್ಪುತ್ತದೆ.

ಎಲ್‌ಎಫ್‌ಪಿಯ ದೌರ್ಬಲ್ಯ ಚಳಿ. ಬ್ಯಾಟರಿ ತಣ್ಣಗಿದ್ದಾಗ ವೇಗದ ಚಾರ್ಜರಿಗೆ ಜೋಡಿಸಿದರೆ ಅದು ಬಹಳ ಹೊತ್ತು ಮೆಲ್ಲಗೆ ತೆಗೆದುಕೊಳ್ಳುತ್ತದೆ. ಮೇಲೆ ಹಾಕಿದ 30 ನಿಮಿಷದ ಲೆಕ್ಕ ಬೆಚ್ಚಗಿನ ಬ್ಯಾಟರಿಗೆ ಮಾತ್ರ ನಿಜ. ಹೀಗಾಗಿ ಚಾರ್ಜರ್ ತಲುಪುವ ಮೊದಲೇ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುವ ವ್ಯವಸ್ಥೆ, ಅಂದರೆ ಪ್ರೀ-ಕಂಡೀಷನಿಂಗ್, ಎರಡನೆಯ ಕಾರಿನಲ್ಲಿದೆಯೇ ಎಂದು ಕೇಳಲೇಬೇಕು. ಬ್ಯಾಟರಿಯನ್ನು ದ್ರವದಿಂದ ತಂಪು ಮಾಡುತ್ತಾರೋ ಗಾಳಿಯಿಂದಲೋ ಎಂಬುದನ್ನೂ ಕೇಳಿ. 2010ರಲ್ಲಿ ಬಂದ ನಿಸ್ಸಾನ್ ಲೀಫ್‌ನ ಬ್ಯಾಟರಿಗೆ ದ್ರವದ ತಂಪಿರಲಿಲ್ಲ. ಬಿಸಿ ಪ್ರದೇಶಗಳಲ್ಲಿ ಅದು ಬೇಗ ಸವೆದದ್ದು ಎಲ್ಲರಿಗೂ ಪಾಠವಾಯಿತು. ನೀವಿರುವಲ್ಲಿ ಚಳಿ ಹೆಚ್ಚಿದ್ದರೆ ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ ಸಾಧನ) ಇದೆಯೇ ಎಂಬ ಸಾಲೂ ಮುಖ್ಯ. ಸಾಧಾರಣ ಹೀಟರ್ ಒಂದು ಯೂನಿಟಿಗೆ ಒಂದು ಯೂನಿಟಿನಷ್ಟೇ ಶಾಖ ಕೊಟ್ಟರೆ, ಹೀಟ್ ಪಂಪ್ ವಿಪರೀತ ಚಳಿಯಿಲ್ಲದಾಗ ಅದರ ಎರಡರಷ್ಟನ್ನು ಕೊಡಬಲ್ಲದು.

ವಾರಂಟಿಯ ಬಗ್ಗೆ. ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ಎಂಬ ವಾಕ್ಯವನ್ನು ಬಹಳ ಕಡೆ ನೋಡುತ್ತೀರಿ. ಅದರ ಮುಂದಿನ ವಾಕ್ಯವೇ ಮುಖ್ಯ: ಸಾಮರ್ಥ್ಯ ಎಷ್ಟು ಪ್ರತಿಶತಕ್ಕಿಂತ ಕೆಳಗಿಳಿದರೆ ಹೊಣೆ ಹೊರುತ್ತಾರೆ, ಅದನ್ನು ಯಾರು ಹೇಗೆ ಅಳೆಯುತ್ತಾರೆ. 70 ಪ್ರತಿಶತ ಎಂಬುದು ಸಾಮಾನ್ಯ. ಕೇವಲ «ಬ್ಯಾಟರಿ ವಾರಂಟಿ» ಎಂದು ಬರೆದು ಪ್ರತಿಶತವನ್ನು ಹೇಳದಿದ್ದರೆ ಅದು ಕೆಟ್ಟುಹೋದರೆ ಮಾತ್ರ ಸಲ್ಲುವ ಭರವಸೆಯಾಗಿರಬಹುದು, ಸವೆದರೆ ಅಲ್ಲ. ನಿಮ್ಮ ಎರಡನೆಯ ಕಾರಿನ ಬ್ಯಾಟರಿ ಮುಂದೊಂದು ದಿನ 80 ಪ್ರತಿಶತಕ್ಕೆ ಇಳಿದಾಗ ಆ 250 ಕಿಲೋಮೀಟರ್ 200 ಆಗುತ್ತದೆ. ಆಗಲೂ ಒಂದೇ ನಿಲುಗಡೆಯಲ್ಲಿ ಪ್ರಯಾಣ ಮುಗಿಯುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ದಾರಿಯ ಚಾರ್ಜರುಗಳು ಎಷ್ಟನೆಯ ಕಿಲೋಮೀಟರಿನಲ್ಲಿವೆ ಎಂಬುದೇ ಅದಕ್ಕೆ ಉತ್ತರ.

ಸುರಕ್ಷತೆಯ ನಕ್ಷತ್ರಗಳನ್ನು ಹೋಲಿಸುವಾಗ ಯಾವ ವರ್ಷದ ಪರೀಕ್ಷೆ ಎಂಬುದನ್ನು ನೋಡಿ. ಯುರೋ ಎನ್‌ಕ್ಯಾಪ್ (ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ನಕ್ಷತ್ರ ಕೊಡುವ ಸಂಸ್ಥೆ) ತನ್ನ ನಿಯಮಗಳನ್ನು ಕೆಲವು ವರ್ಷಗಳಿಗೊಮ್ಮೆ ಬಿಗಿಗೊಳಿಸುತ್ತದೆ, ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದೇ ಅಲ್ಲ. ಬ್ಯಾಟರಿಗೆ ಐಪಿ67 ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳುತ್ತದೆ ಎಂದರ್ಥ. ಅದು ಬ್ಯಾಟರಿ ಪೆಟ್ಟಿಗೆಗೆ ಸಂಬಂಧಿಸಿದ್ದು, ನೆರೆಯ ನೀರಿನಲ್ಲಿ ಕಾರು ಓಡಿಸಲು ಕೊಟ್ಟ ಅನುಮತಿಯಲ್ಲ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಮನೆಯವರೆಲ್ಲರೂ ಶೋರೂಮುಗಳಿಗೆ ಹೋಗಿದ್ದೆವು. ಎರಡನೆಯ ಕಾರಿನ ಹಿಂದಿನ ಸೀಟಿನಲ್ಲಿ ತಂದೆಯವರು ಮುಕ್ಕಾಲು ಗಂಟೆ ಕುಳಿತರು. ತೊಡೆಗೆ ಆಧಾರ ಸ್ವಲ್ಪ ಕಡಿಮೆ ಎಂದರೂ ಇಳಿಯುವಾಗ ಸೊಂಟ ಹಿಡಿದುಕೊಳ್ಳಲಿಲ್ಲ. ಮೊದಲನೆಯದರಲ್ಲಿ ಸೀಟು ಇನ್ನೂ ಚೆನ್ನಾಗಿತ್ತು, ಇದನ್ನು ಒಪ್ಪಿಕೊಳ್ಳಲೇಬೇಕು. ದೊಡ್ಡ ಸೂಟ್‌ಕೇಸ್ ಒಂದು, ಸಣ್ಣವೆರಡು ಎರಡನೆಯದರ ಡಿಕ್ಕಿಯಲ್ಲಿ ಹಿಡಿದವು, ಆದರೆ ದೊಡ್ಡದನ್ನು ಅಡ್ಡ ಮಲಗಿಸಿದಾಗ ಮಾತ್ರ. ಪೋರ್ಟ್ ಮುಂದಿನ ಮೂತಿಯಲ್ಲಿದೆ. ದಾರಿಯ ಚಾರ್ಜರುಗಳು ಮನೆಯಿಂದ 140 ಮತ್ತು 185ನೆಯ ಕಿಲೋಮೀಟರಿನಲ್ಲಿವೆ, ಎರಡೂ ಕಡೆ ನೇರವಾಗಿ ಮುಂದೆ ನುಗ್ಗಿಸಿ ನಿಲ್ಲಿಸಬಹುದು. ಬ್ಯಾಟರಿ ಸವೆದು 200 ಕಿಲೋಮೀಟರಿಗೆ ಇಳಿದರೂ 185ನೆಯದು ಕೈಗೆಟುಕುತ್ತದೆ.

ವಾರಂಟಿಯ ಕಾಗದದಲ್ಲಿ 70 ಪ್ರತಿಶತ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ತಂಪು ಮಾಡುವುದು ದ್ರವದಿಂದ. ಪ್ರೀ-ಕಂಡೀಷನಿಂಗ್ ಇದೆ ಎಂದರು, ಆದರೆ ಕಾರಿನದೇ ನ್ಯಾವಿಗೇಶನ್ನಿನಲ್ಲಿ ಚಾರ್ಜರನ್ನು ಗುರಿಯಾಗಿ ಹಾಕಿದರೆ ಮಾತ್ರ ಅದು ತಾನಾಗಿ ಶುರುವಾಗುತ್ತದಂತೆ, ಕೈಯಾರೆ ಒತ್ತುವ ಗುಂಡಿಯಿಲ್ಲ. ನಾನು ದಾರಿಗೆ ಫೋನನ್ನೇ ಬಳಸುವವನು. ಇದರಿಂದ ತೊಂದರೆಯಾಗುತ್ತದೆಯೇ?

ಉತ್ತರ 4, ಮುಂದುವರಿಕೆ

ದಾರಿಗೆ ಫೋನನ್ನೇ ಬಳಸಿ, ಅಡ್ಡಿಯಿಲ್ಲ. ಚಳಿಯ ದಿನಗಳಲ್ಲಿ ಚಾರ್ಜರ್ ತಲುಪಲು ಅರ್ಧ ಗಂಟೆ ಇರುವಾಗ, ಕಾರು ನಿಲ್ಲಿಸಿಯೋ ಪಕ್ಕದಲ್ಲಿ ಕುಳಿತವರ ಕೈಯಿಂದಲೋ, ಆ ಚಾರ್ಜರನ್ನು ಕಾರಿನ ಪರದೆಯಲ್ಲಿ ಗುರಿಯಾಗಿ ಹಾಕಿಸಿ. ಆ ಕಾರಿನ ನಕ್ಷೆಯಲ್ಲಿ 140 ಮತ್ತು 185ನೆಯ ಕಿಲೋಮೀಟರಿನ ಆ ಎರಡು ಚಾರ್ಜರುಗಳೂ ದಾಖಲಾಗಿವೆಯೇ ಎಂದು ಮುಂಗಡ ಕೊಡುವ ಮೊದಲು ಶೋರೂಮಿನಲ್ಲೇ ಹುಡುಕಿ ನೋಡಿ. ನಕ್ಷೆಯಲ್ಲಿ ಇಲ್ಲದ ಚಾರ್ಜರಿಗಾಗಿ ಕಾರು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುವುದಿಲ್ಲ.